ಬ್ರೇಕಿಗೆ ಹಾಕಿದ ನಲ್ಲಿ

ಜನ ಅವನಿಗೆ ‘ಥೂ ಮೇಸ್ತ್ರಿ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಯಾರದೇ ಗಾಡಿ ಗ್ಯಾರೇಜಿಗೆ ಬರಲಿ, ಬಾನೆಟ್ ಎತ್ತಿ ಇಣುಕಿದ ಕೂಡಲೇ ಅವನ ಬಾಯಿಂದ ಮೊದಲು ಬೀಳುತ್ತಿದ್ದುದು ಅದೊಂದೇ ಶಬ್ದ. ಅದರ ಬೆನ್ನಿಗೇ, “ಇದನ್ನ ಯಾವ ಕತ್ತೆ ಬಿಚ್ಚಿದ್ದು?” ಗಾಡಿಯ ಯಜಮಾನನೇ ಆ ಕತ್ತೆಯಾಗಿದ್ದರಂತೂ ಅವನಿಗೆ ಹಬ್ಬ. ಕೆಲಸವೇನೋ ಬಲ್ಲ, ಅದರಲ್ಲಿ ಎರಡು ಮಾತಿಲ್ಲ. ಬಾರದವನಾಗಿದ್ದರೆ ಜನ ಎಂದೋ ಎರಡು ತಟ್ಟಿ ಬುದ್ಧಿ ಕಲಿಸುತ್ತಿದ್ದರು. ಬಲ್ಲವನಾದ್ದರಿಂದ ಬೈಸಿಕೊಂಡು, ಮೇಲೆ ದುಡ್ಡೂ ಕೊಟ್ಟು, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಈ ಮಹಾಶಯ ಅದನ್ನೇ ಮರ್ಯಾದೆ ಎಂದುಕೊಂಡಿದ್ದ. ಮೂರ್ಖರಿಗೇನು ಕೊಂಬಿರುತ್ತದೆಯೇ?

ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವ್ವ ಬೇಗ ಕಣ್ಣು ಮುಚ್ಚಿದ ಮೇಲೆ ಮನೆಮನೆಯ ಬಟ್ಟೆ ಒಗೆದು, ಅದೇ ದುಡಿಮೆಯಲ್ಲಿ ಇವನಿಗೆ ಮೊದಲ ಸ್ಪ್ಯಾನರ್ ಸೆಟ್ಟು ಕೊಡಿಸಿದವಳೂ ಅವಳೇ. ಈಗ ಲಾಡ್ಜು, ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಸಿ ಇಸ್ತ್ರಿ ಮಾಡಿಸಿ ತಲುಪಿಸುವುದು ಅವಳ ಕಸುಬು. ಅದಕ್ಕೊಂದು ಮುದಿ ವ್ಯಾನು, ಓಡಿಸುವವಳು ತಾನೇ. ಅವಳ ಗಂಡ, ಅಂದರೆ ಇವನ ಭಾವ, ಪ್ಲಂಬರ್. ಜಗತ್ತಿನ ಕಷ್ಟಗಳೆಲ್ಲ ಎಲ್ಲೋ ಒಂದು ಕಡೆ ಸೋರುವುದರಿಂದಲೇ ಹುಟ್ಟುತ್ತವೆ ಎಂದು ನಂಬಿದ ಮನುಷ್ಯ.

ಒಂದು ಬೆಳಿಗ್ಗೆ ಆ ವ್ಯಾನನ್ನು ಲಾರಿಯೊಂದು ಹಗ್ಗ ಕಟ್ಟಿ ಎಳೆದುಕೊಂಡು ಬಂತು; ಜೊತೆಗೆ ಅಕ್ಕ, ಭಾವ ಇಬ್ಬರೂ ಬಂದರು. ಮುಂದಿನ ದೀಪ ಒಡೆದು, ಬಂಪರ್ ತುಂಬ ಮರಳು ಮೆತ್ತಿತ್ತು. ಆಸ್ಪತ್ರೆಗೆ ಹೋಗುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಹಾಗೇ ನೆಲ ಮುಟ್ಟಿತಂತೆ. ಕೆಳಗೆ ಆಸ್ಪತ್ರೆಯ ಗೇಟು, ಗೇಟಿನ ಮುಂದೆ ಜನ. ಅಕ್ಕ ಸ್ಟಿಯರಿಂಗ್ ತಿರುಗಿಸಿ, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿಗೆ ನುಗ್ಗಿಸಿದ್ದಳು. ಅದಿಲ್ಲದಿದ್ದರೆ ಏನಾಗುತ್ತಿತ್ತೋ ಹೇಳಲು ಬಾಯಿ ಬರುವುದಿಲ್ಲ. ನಾಳೆ ಬೆಳಗಾದರೆ ಅದೇ ಇಳಿಜಾರಿನಲ್ಲಿ ಅವಳು ಮತ್ತೆ ಇಳಿಯಲೇಬೇಕು.

ತಮ್ಮ ಸೀದಾ ಜಾಕ್ ತಂದು ಹಿಂಬದಿ ಎತ್ತಿ, ಟಾರ್ಚ್ ಹಿಡಿದು ಕೆಳಗೆ ನುಸುಳಿದ. ಆಮೇಲೆ ಎಂದೂ ಇಲ್ಲದಷ್ಟು ಉದ್ದದ “ಥೂ” ಕೇಳಿಸಿತು.

“ಭಾವಾ! ಸ್ವಲ್ಪ ಬಗ್ಗಿ ನೋಡ್ತೀರಾ? ಇದೇನು ಇದು?”

ಭಾವ ಬಗ್ಗಿ ನೋಡಿ, “ನಲ್ಲಿ” ಎಂದರು.

ಹೌದು, ನಲ್ಲಿಯೇ. ಹಿಂದಿನ ಬಲಚಕ್ರಕ್ಕೆ ಹೋಗುವ ಬ್ರೇಕಿನ ಉಕ್ಕಿನ ಪೈಪು ಕತ್ತರಿಸಿ, ನಡುವೆ ತಾಮ್ರದ ತುಂಡೊಂದನ್ನು ಸೇರಿಸಿ, ಬಿಳಿ ಟೇಪು ಸುತ್ತಿ, ಒಂದು ಪುಟ್ಟ ಹಿತ್ತಾಳೆ ನಲ್ಲಿ ಕೂರಿಸಲಾಗಿತ್ತು. ಆ ಚಕ್ರದ ಬ್ರೇಕ್ ಸಿಲಿಂಡರ್ ಸೋರುತ್ತಿತ್ತಂತೆ. ಸೋರಿದರೆ ಪ್ಲಂಬರ್ ಏನು ಮಾಡುತ್ತಾನೆ? ಆ ಕಡೆಯ ನಲ್ಲಿ ಬಂದ್ ಮಾಡುತ್ತಾನೆ. ಹಾಗೆ ಬಂದ್ ಮಾಡಿ, ಉಳಿದ ಮೂರು ಚಕ್ರಗಳ ಮೇಲೆ ಭಾರ ಹಾಕಿ, ಹೆಂಡತಿಯನ್ನು ಇಳಿಜಾರಿಗೆ ಕಳಿಸಿದ ಪುಣ್ಯಾತ್ಮ ಇವರು. ಬ್ರೇಕ್ ಆಯಿಲ್ಲು ಜಗ್ಗುತ್ತದೆಯೇ? ತಾಮ್ರದ ತುಂಡು ಕಿತ್ತು ಬಂದು ಆಯಿಲ್ಲೆಲ್ಲ ರಸ್ತೆಗೆ ಹೋಯಿತು. ಹಳೇ ಗಾಡಿ, ನಾಲ್ಕು ಚಕ್ರಕ್ಕೂ ಆಯಿಲ್ಲು ಹೋಗಲು ಒಂದೇ ದಾರಿ. ಒಂದು ಕಡೆ ಹೋದರೆ ಎಲ್ಲವೂ ಹೋದಂತೆ.

“ಟ್ಯಾಂಕಿಂದ ಇಳಿಯೋ ನೀರು ಅಂದ್ಕೊಂಡ್ರಾ ಇದನ್ನ?” ಮೇಸ್ತ್ರಿ ಕೂಗಾಡಿದ. “ಒಂದು ಸಲ ಪೆಡಲ್ ಒತ್ತಿದ್ರೆ ಏಳೋ ಒತ್ತಡಕ್ಕೆ ನಿಮ್ಮ ಬಚ್ಚಲ ಪೈಪೆಲ್ಲಾ ಚಿಂದಿಯಾಗುತ್ತೆ! ಒಂದು ಶವರ್ರೂ ಹಾಕಿಬಿಡಬೇಕಿತ್ತು ಭಾವ, ಅಕ್ಕ ಸ್ನಾನ ಮಾಡ್ಕೊಂಡೇ ಹೋಗ್ತಿದ್ಲು!”

ಪಕ್ಕದ ಅಂಗಡಿಯವರು ನಗುತ್ತಾ ಬಾಗಿಲಿಗೆ ಬಂದರು. ಕೇಳುವವರು ಸಿಕ್ಕರೆ ಇವನ ನಾಲಿಗೆಗೆ ರೆಕ್ಕೆ. ನಲ್ಲಿಯನ್ನು ಬಿಚ್ಚಿ ತಂದು ಎಲ್ಲರಿಗೂ ತೋರಿಸಿದ. ಭಾವ ಕೆಂಪಗಾಗಿ, “ಅಲ್ಲಯ್ಯಾ, ನಿನ್ನ ಹತ್ರ ತರ್ತೀನಿ ಅಂತ್ಲೇ ನಾನು ಹೊರಟಿದ್ದೆ. ಬೇಡ ಅಂದವಳು ನಿಮ್ಮಕ್ಕ” ಎಂದು ಹೇಳಿ, ಹೊಸ ಪೈಪು ತರುವ ನೆಪ ಮಾಡಿಕೊಂಡು ಹೊರಟೇಬಿಟ್ಟರು. ಅಕ್ಕ ಸ್ಟೂಲಿನ ಮೇಲೆ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಕೆಲಸ ಸಂಜೆಯವರೆಗೂ ನಡೆಯಿತು. ಸೋರುವ ಸಿಲಿಂಡರ್ ತೆಗೆದು ಹೊಸದು ಹಾಕಿದ. ಮುಂದಿನಿಂದ ಹಿಂದಿನವರೆಗೆ ಗ್ಯಾರೇಜಿನಲ್ಲೇ ಇದ್ದ ಹೊಸ ಉಕ್ಕಿನ ಪೈಪನ್ನು ಎಳೆದ. ಪ್ರತಿ ತುದಿಯನ್ನೂ ಅರಳಿಸಿ ಮತ್ತೆ ಒಳಕ್ಕೆ ಮಡಚಿ, ಉಗುರಿನಿಂದ ಸವರಿ ನೋಡಿದ. ಒಂದು ತುದಿ ಕೂದಲೆಳೆಯಷ್ಟು ಓರೆಯಾಯಿತೆಂದು ಕತ್ತರಿಸಿ ಎಸೆದು ಮತ್ತೆ ಮಾಡಿದ. ಕೈ ಇಷ್ಟು ಮೆತ್ತಗೆ ಕೆಲಸ ಮಾಡುತ್ತಿದ್ದರೆ ಬಾಯಿ ಮಾತ್ರ ಒಂದೇ ಸಮ ಬೈಯುತ್ತಿತ್ತು.

ಕೊನೆಗೆ ಉಳಿದದ್ದು ಪೈಪಿನಿಂದ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಕೆಳಗಿರುವವನು ಚಕ್ರದ ಹಿಂದಿನ ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲಿಸಿ, ಗುಳ್ಳೆ ಹೋದ ಮೇಲೆ ಬಿಗಿಯಬೇಕು. ಭಾವ ಇನ್ನೂ ಬಂದಿರಲಿಲ್ಲ. ಅಕ್ಕನೇ ಹತ್ತಿ ಕುಳಿತಳು.

“ಒತ್ತು.”

“ಒತ್ತಿದೆ.”

“ಹಿಡ್ಕೊ… ಹೂಂ, ಬಿಡು.”

ಹಿಂದಿನ ಎರಡು ಚಕ್ರ ಮುಗಿದವು. ಅವನು ಮುಂದಿನ ಚಕ್ರದ ಹತ್ತಿರ ಜರುಗಿದ. ಅವನ ಮುಖದ ಮೇಲೆ ಬರೀ ಗಾಡಿಯ ನೆಲ, ಆ ನೆಲದ ಮೇಲೆ ಅಕ್ಕನ ಪಾದ.

“ಆ ಕ್ಲಚ್ ಪ್ಲೇಟು ಇಲ್ಲಿಂದ ಚೆನ್ನಾಗಿ ಕಾಣುತ್ತೆ” ಎಂದಳು ಅಕ್ಕ.

“ಯಾವ ಪ್ಲೇಟು?”

“ಗೋಡೆ ಮೇಲೆ ಮೊಳೆ ಹೊಡೆದು ನೇತುಹಾಕಿದೀಯಲ್ಲ. ನನ್ನ ವ್ಯಾನಿಂದು, ನಾನು ಓಡಿಸಿ ಸುಟ್ಟಿದ್ದು. ‘ನೋಡ್ರಪ್ಪಾ, ನಮ್ಮಕ್ಕ ಸೀಯಿಸಿದ ರೊಟ್ಟಿ’ ಅಂತ ಬಂದೋರಿಗೆಲ್ಲಾ ತೋರಿಸಿದ್ದೆ. ಎಲ್ಲರೂ ನಕ್ಕರು. ಮರೆತುಬಿಟ್ಟೆಯಾ?”

ನಿಜವಾಗಿಯೂ ಮರೆತಿದ್ದ. ಬೈದವನಿಗೆಲ್ಲಿ ನೆನಪಿರುತ್ತದೆ, ಬೈಸಿಕೊಂಡವರಿಗೆ ತಾನೇ?

“ತಮಾಷೆಗೆ ಅಂದಿದ್ದು ಅಕ್ಕ…”

“ಅದಕ್ಕೇ ಇವರಿಗೆ ಹೇಳಿದೆ, ಏನಾದ್ರೂ ಮಾಡಿ ನೀವೇ ಸರಿಮಾಡಿ, ಅವನ ಹತ್ರ ಮಾತ್ರ ಬೇಡ ಅಂತ. ಅವರಿಗೆ ಗೊತ್ತಿದ್ದದ್ದು ನಲ್ಲಿ, ನಲ್ಲಿ ಹಾಕಿದ್ರು. ಒತ್ತಲಾ?”

ಸಡಿಲಿಸಿದ ನಿಪ್ಪಲನ್ನು ಬಿಗಿಯುವುದನ್ನೇ ಅವನು ಮರೆತ. ನಿಪ್ಪಲಿನಿಂದ ಆಯಿಲ್ಲು ಮೊಣಕೈ ಮೇಲೆ ಇಳಿಯುತ್ತಿತ್ತು.

“ಬೆಳಿಗ್ಗೆ ಪೆಡಲ್ ನೆಲಕ್ಕೆ ಹೋಯ್ತಲ್ಲ, ಮುಗೀತು ನನ್ನ ಕತೆ ಅಂದ್ಕೊಂಡೆ ಕಣೋ. ಆಗ ನನಗೆ ಮಕ್ಕಳು ನೆನಪಾಗಲಿಲ್ಲ, ದೇವರು ನೆನಪಾಗಲಿಲ್ಲ. ಬದುಕಿ ಉಳಿದ್ರೆ ನೀನು ಏನಂತೀಯೋ ಅನ್ನೋದೇ ಬಂತು ತಲೆಗೆ. ಸಾಯೋ ಹೊತ್ತಿಗೂ ಅದೇ. ಅಂದೆಯಲ್ಲ, ಶವರ್ರು ಅಂತ.”

ಸ್ಪ್ಯಾನರ್ ಅವನ ಎದೆಯ ಮೇಲೆ ಬಿತ್ತು. ಬೆಳಗಿನಿಂದ ಗಾಡಿಯ ಇಂಚಿಂಚೂ ಮುಟ್ಟಿ ನೋಡಿದ್ದ ಪಂಡಿತ, ಅಕ್ಕ ಎಡಗೈ ಎತ್ತದೆ ಕೂತಿದ್ದನ್ನು ಒಮ್ಮೆಯೂ ನೋಡಿರಲಿಲ್ಲ.

“ಅಕ್ಕಾ,” ಎಂದ ಕೆಳಗಿನಿಂದ, “ಕೈಗೆ ಪೆಟ್ಟಾಯ್ತಾ?”

ಮೇಲೆ ಪೆಡಲ್ ಒಮ್ಮೆ ಕಿರುಗುಟ್ಟಿತು.

“ಅದನ್ನ ನಾನು ಆಸ್ಪತ್ರೆಯೋರಿಗೇ ತೋರಿಸ್ಕೋತೀನಿ” ಎಂದಳು ಅಕ್ಕ. “ನೀನು ಇನ್ನೊಂದು ಚಕ್ರ ಮುಗಿಸು.”