ವಿಮಾನದ ತಗಡಿಗೆ ಕಟ್ಟಿದ ಕದಿರು

ಅರ್ಗಾದ ಸ್ಟಾಪಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಆಧಾರ್ ಕಾರ್ಡು ತೋರಿಸಿ, ಅಂಕೋಲೆಗೆ ಪುಕ್ಕಟೆ ಟಿಕೆಟ್ ಪಡೆದೆ. ದಸರಾ ರಜೆಯಾದ್ದರಿಂದ ಪಾಠ ಮಾಡುವ ಶಾಲೆಯ ಗೋಜಿರಲಿಲ್ಲ. ಅದೃಷ್ಟಕ್ಕೆ ಸೀಟೂ ಸಿಕ್ಕಿತು, ಅದೂ ಎಡಗಡೆ, ಗುಡ್ಡದ ಬದಿಯ ಕಿಟಕಿ. ನಾನು ಆ ಬದಿ ಕೂತದ್ದೇ ಕಡಿಮೆ. ಆಯಿ, ಎಂದರೆ ನನ್ನ ತಾಯಿ, ಜೊತೆಗಿದ್ದರೆ ಸಮುದ್ರದ ಬದಿಯೇ ಆಗಬೇಕು. ಅಲ್ಲಿ ಜಾಗವಿಲ್ಲದಿದ್ದರೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅಂಕೋಲೆ ಬರುವತನಕ ನಿದ್ದೆಯ ನಾಟಕ ಮಾಡುತ್ತಾಳೆ.

ಕಾರಣ ಈಗಲೇ ಹೇಳಿಬಿಡುತ್ತೇನೆ. ನನ್ನ ಅಪ್ಪ ವಾಯುಪಡೆಯಲ್ಲಿದ್ದರು. ಎಪ್ಪತ್ತೊಂದರ ಯುದ್ಧದ ವರ್ಷ, ಕೊಯ್ಲಿನ ದಿನಗಳಲ್ಲಿ, ತರಬೇತಿಗೆ ಹಾರಿದ ಅವರ ವಿಮಾನ ಮುಂಜಾನೆಯ ಮಂಜಿನಲ್ಲಿ ದಾರಿ ತಪ್ಪಿ ಅಂಕೋಲೆಯ ಮೇಲಿನ ಘಟ್ಟಕ್ಕೆ ಬಡಿಯಿತು. ಅದರಲ್ಲಿದ್ದ ನಾಲ್ವರೂ ಸತ್ತರು. ಗಡಿಯಲ್ಲಲ್ಲ, ವೈರಿಯ ಗುಂಡಿಗಲ್ಲ, ಸ್ವಂತ ಮನೆಯಿಂದ ಅರ್ಧ ದಿನದ ದಾರಿಯಲ್ಲಿ! ನಾನಾಗ ಆಯಿಯ ಹೊಟ್ಟೆಯಲ್ಲಿದ್ದೆ. ಪೆಟ್ಟಿಗೆ ತಂದವರು ಅದನ್ನು ತೆರೆಯಲು ಬಿಡಲಿಲ್ಲ. ಉಳಿದ ಮೂವರು ಉತ್ತರ ಭಾರತದ ಕಡೆಯವರು ಎಂದಷ್ಟೇ ಹೇಳಿ ಹೋದರು. ಅಂದಿನಿಂದ ಆಯಿಗೆ ಒಂದೇ ಕೊರಗು. ಕೊನೆಗಾಲಕ್ಕೆ ಅಪ್ಪನ ಬಾಯಿಗೆ ನೀರು ಬಿಡುವವರಾದರೂ ಇದ್ದರೋ, ಅಥವಾ ಆ ಕಾಡಿನಲ್ಲಿ ಒಣ ಗಂಟಲಲ್ಲೇ ಜೀವ ಹೋಯಿತೋ. ಅದಕ್ಕೇ ಆ ಗುಡ್ಡಗಳನ್ನು ಅವಳು ಕಣ್ಣೆತ್ತಿ ನೋಡುವುದಿಲ್ಲ.

ಈ ವರ್ಷ ಹೊಸ್ತಿನ ಹಬ್ಬ ಮುಗಿದ ವಾರ ಶೆಟಗೇರಿಯ ನನ್ನ ಮೈದುನ ವಸಂತ ಮನೆಗೆ ಬಂದಿದ್ದ. ಹೊಸ ಅಕ್ಕಿಯ ಈ ಹಬ್ಬದ ದಿನ ನಮ್ಮ ಕಡೆ ಗದ್ದೆಯಿಂದ ಹೊಸ ಕದಿರು ತಂದು ಬಾಗಿಲಿಗೆ, ಬಾವಿಕಟ್ಟೆಗೆ, ನೇಗಿಲಿಗೆ, ಈಗೀಗ ಬೈಕಿಗೂ ಕಟ್ಟುತ್ತಾರೆ. ಮನೆಗೆ ಸೇರಿದ್ದು ಯಾವುದೂ ಬಿಟ್ಟುಹೋಗಬಾರದು. ವಸಂತ ಊಟಕ್ಕೆ ಕೂತವನು, "ವೈನಿ, ಗುಡ್ಡದ ಮೇಲಿನ ಒಂದು ಮನೇಲಿ ಹಳೇ ವಿಮಾನದ ತಗಡಿಗೂ ಕದಿರು ಕಟ್ತಾರಂತೆ" ಎಂದ. ಒಳಗಿನಿಂದ ಆಯಿ ಹೊರಗೆ ಬಂದಳು.

"ಕದಿರು ಕಟ್ಟೋರು ಅಂದ್ರೆ ಒಳ್ಳೇರೇ ಇರ್ಬೇಕು. ನೀ ಹೋಗು. ಅವ್ರ ಹತ್ರ ಯಾರಾದ್ರೂ ಇದ್ದಿದ್ರಾ ಕೇಳ್ಕಂಡು ಬಾ" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಆ ಗುಡ್ಡದ ಮಾತೆತ್ತಿದ್ದು ಅದೇ ಮೊದಲು.

ಅಂಕೋಲೆಯ ಬಸ್‌ಸ್ಟ್ಯಾಂಡಿನ ಬಳಿ ಬನ್ಸು, ಭಾಜಿ ತಿಂದು ಚಹಾ ಕುಡಿದೆ. ಭಾಜಿ ಖಾರವಾಗಿತ್ತು. ವಸಂತ ಬೈಕು ತಂದಿದ್ದ. ಮಳೆ ನಿಂತು ಬಿಸಿಲು ಚುರುಕಾಗಿತ್ತು, ಗದ್ದೆಗಳು ಹಣ್ಣಾಗಿ ಬಾಗಿದ್ದವು. ಡಾಂಬರು ಮುಗಿದು ಮಣ್ಣಿನ ರಸ್ತೆ, ಅದೂ ಮುಗಿದು ಕಾಲುದಾರಿ. ನನ್ನ ಮಂಡಿಗಳ ಪುರಾಣ ಇಲ್ಲಿ ಬೇಡ. ದಾರಿಯುದ್ದಕ್ಕೂ ಕೇಳಿದ ವಸಂತನಿಗೇ ಸಾಕಾಗಿತ್ತು. "ವೈನಿ, ಮಕ್ಕಳಿಗೆ ಗುಡ್ಡದ ಪಾಠ ಮಾಡ್ತ್ರಿ, ಗುಡ್ಡ ಹತ್ತೂಕೆ ಬರೂದಿಲ್ಲ" ಎಂದು ನಕ್ಕ.

ಮನೆ ಸಿಕ್ಕಿತು. ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲಿ ಆಳೆತ್ತರದ ತಗಡೊಂದನ್ನು ನಿಲ್ಲಿಸಿದ್ದರು. ಒಂದು ಅಂಚು ಹರಿದು ಸುರುಳಿ ಸುತ್ತಿತ್ತು. ಮೇಲೆ ಮಾವಿನ ಎಲೆಯ ಜೊತೆ ಕಟ್ಟಿದ ಕದಿರು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ತಗಡನ್ನು ಮುಟ್ಟಿದೆ. ಬಿಸಿಲಿಗೆ ಕಾದು ಬೆಚ್ಚಗಿತ್ತು. ಅಪ್ಪನಿಗೆ ಸಂಬಂಧಪಟ್ಟ ವಸ್ತುವನ್ನು, ಫೋಟೋ ಬಿಟ್ಟರೆ, ನಾನು ಮುಟ್ಟಿದ್ದು ಅದೊಂದೇ. ಅಳು ಬಂತು, ಅತ್ತೆ.

ಮನೆಯ ಯಜಮಾನಿತಿ ಹೊನ್ನಮ್ಮ ಆಯಿಯ ಓರಗೆಯವಳು. ನಾನು ಯಾರೆಂದು ತಿಳಿದ ಕೂಡಲೇ ಅವಳ ಮುಖ ಬಿಳಿಚಿಕೊಂಡಿತು. ನನಗಿಂತ ಅವಳೇ ಹೆಚ್ಚು ಹೆದರಿದಂತೆ ಕಂಡಿತು. "ಕುಂತ್ಕ ತಂಗಿ" ಎಂದು ಬೆಲ್ಲ, ನೀರು ಕೊಟ್ಟಳು. "ಉಳದ ತಗಡೆಲ್ಲ ಕೊಟ್ಗೆಗೆ ಹೊದೆಸಿದ್ರು, ಸುಳ್ಳು ಹೇಳೂದು ಎಂತಕ್ಕೆ. ಇದೊಂದು ಮಾತ್ರ ಅವಂದು" ಎಂದು, ಚೊಂಬಿನಲ್ಲಿ ನೀರು ಹಿಡಿದು ಹಿತ್ತಲ ದಾರಿಯಲ್ಲಿ ನಮ್ಮನ್ನು ಮೇಲಕ್ಕೆ ಕರೆದೊಯ್ದಳು.

ವಿಮಾನ ಬಿದ್ದ ಜಾಗದಲ್ಲಿ ವಿಶೇಷವೇನೂ ಉಳಿದಿರಲಿಲ್ಲ. ಹೊನ್ನೆಮರ, ಅದರ ಬುಡದಲ್ಲೊಂದು ಕಲ್ಲು, ಸುತ್ತ ಹಸಿರು ಹುಲ್ಲು. ಹೊನ್ನಮ್ಮ ಕಲ್ಲಿಗೆ ನೀರೆರೆದು ಕೂತಳು.

"ಆಗ ನಾ ಹೊಸ ಮದುಮಗಳು. ಕೊಯ್ಲಿನೋರಿಗೆ ಗಂಜಿ ತಕಂಡು ಹೋಗ್ತಿದ್ದೆ. ಸಿಡ್ಲು ಹೊಡ್ದಂಗೆ ಆತು. ಮಾವ ಮುಂದೆ ಓಡ್ದ, ನಾ ಹಿಂದೆ. ಮೂರು ಜನ ಆಗ್ಲೇ ಹೋಗಿದ್ರು. ಒಬ್ಬ ಮಾತ್ರ ಈ ಮರದ ಬುಡಕ್ಕೆ ಬಿದ್ಕಂಡಿದ್ದ. ಪರದೇಶದವ ಅಂದ್ಕಂಡಿದ್ದೆ ನಾ. ಅವ ನಮ್ಮ ಮಾತಲ್ಲೇ ಕೇಳ್ದ. 'ಆಯಿ, ನೀರು ಕೊಡೇ' ಅಂದ. ನಂಗೆ! ನಂಗಿಂತ ದೊಡ್ಡವ, ನಂಗೆ ಆಯಿ ಅಂದ."

ಆ ನಾಲ್ವರಲ್ಲಿ ನಮ್ಮ ಮಾತು ಬಲ್ಲವರು ಒಬ್ಬರೇ. ವಸಂತ ನನ್ನ ತೋಳು ಹಿಡಿದುಕೊಂಡ.

"ಹಳ್ಳ ದೂರ. ಹೋಗಿ ಬರೂತನಕ ಇರೂದಿಲ್ಲ ಅಂತ ಕಂಡಿತು. ಗಂಜಿಯ ತಿಳಿಯನ್ನೇ ಬಾಯಿಗೆ ಬಿಟ್ಟೆ. ಕೊಯ್ಲಿನೋರ ಗಂಜಿ, ಉಪ್ಪು ಜೋರೇ ಇತ್ತು. ಕುಡ್ದ. ತಲೆ ನನ್ನ ತೊಡೆ ಮೇಲೇ ಇತ್ತು. ನಿದ್ದೆ ಬಂದಂಗೆ ಕಣ್ಣು ಮುಚ್ದ." ಹೊನ್ನಮ್ಮ ಚೊಂಬಿನಲ್ಲಿ ಉಳಿದಿದ್ದ ನೀರನ್ನೂ ಕಲ್ಲಿಗೆ ಎರೆದಳು. "ಆದ್ರೆ ತಂಗಿ, ಆ ಗಂಜಿಯ ನಾ ದಾರಿಯಲ್ಲೇ ಒಂದು ಗುಟುಕು ಕುಡ್ದಿದ್ದೆ. ಹಸಿವು ತಡೀಲಿಲ್ಲ. ಅತ್ತೆಗೆ ಗೊತ್ತಾಗಿ ಬೈದ್ಲು. ಸಾಯೋನಿಗೆ ನೀರು ಬಿಡೂದು ಬಿಟ್ಟು ಎಂಜಲು ಗಂಜಿ ಕುಡಿಸ್ದೆ, ಅವನ ಜೀವ ಇಲ್ಲೇ ಸುತ್ತತದೆ ಅಂತ. ಮಾವ ಒಬ್ನೇ ನನ್ನ ಬದಿಗಿದ್ದ. ನಮ್ಮನೆ ಗಂಜಿ ಉಂಡವ ನಮ್ಮನೆಯವ್ನೇ, ಹೊಸ್ತಿಗೆ ಅವಂಗೂ ಒಂದು ಕದಿರು ಕಟ್ಟು ಅಂದ. ಕಟ್ತಾ ಬಂದೆ. ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ. ನಿನ್ನ ಆಯಿಗೆ ಇದ ಹೇಳ್ಬೇಕು ನೀ. ಅವ್ಳು ಬೈದ್ರೂ ಅಡ್ಡಿಲ್ಲ."

ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಆದರೆ ಅವಳಿಗೆ ಬೇಕಾಗಿದ್ದ ಮಾತು ನನ್ನ ಬಳಿ ಇರಲಿಲ್ಲ, ಅರ್ಗಾದ ಮನೆಯಲ್ಲಿ ಆಯಿಯ ಬಳಿ ಇತ್ತು. ಫೋನು ಮಾಡೋಣವೆಂದರೆ ಆ ಗುಡ್ಡದಲ್ಲಿ ಸಿಗ್ನಲ್ಲೂ ಇಲ್ಲ.

ಮಧ್ಯಾಹ್ನ ಅವರ ಮನೆಯಲ್ಲೇ ಹೊಸ ಅಕ್ಕಿಯ ಅನ್ನ, ಸೀಗಡಿ ಸಾರು. ಹೊರಡುವಾಗ ಹೊನ್ನಮ್ಮ ಗದ್ದೆಗಿಳಿದು ಒಂದು ಹಿಡಿ ಕದಿರು ಕೊಯ್ದು ನನ್ನ ಚೀಲಕ್ಕೆ ಹಾಕಿದಳು. ನಮಗೆ ಗದ್ದೆ ಇಲ್ಲವಾಗಿ ಬಹಳ ವರ್ಷಗಳಾದವು ಎಂದಿದ್ದೆ, ಅದಕ್ಕೆ. ಬಸ್ಸಿನಲ್ಲಿ ಎಲ್ಲರೂ ನನ್ನ ಚೀಲವನ್ನೇ ನೋಡುತ್ತಿದ್ದರು.

ಮನೆ ಮುಟ್ಟಿದಾಗ ಸಂಜೆ. ಆಯಿ ಜಗುಲಿಯಲ್ಲೇ ಕಾಯುತ್ತಿದ್ದಳು. ನಾನು ಒಂದೂ ಬಿಡದೆ ಹೇಳಿದೆ. ನೀರು ಕೇಳಿದ್ದು, ತೊಡೆಯ ಮೇಲೆ ತಲೆ ಇಟ್ಟಿದ್ದು, ಕಡೆಗೆ ಎಂಜಲಿನ ಮಾತೂ. ಆಯಿ ಅಳಲಿಲ್ಲ. ಕದಿರನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಉಪ್ಪು ಹಾಕಿತ್ತಾ?" ಎಂದು ಕೇಳಿದಳು.

"ಜೋರೇ ಇತ್ತಂತೆ."

"ಹಂಗಾದ್ರೆ ಸಮಾ ಕುಡ್ದಿರ್ತ್ರು. ಸಪ್ಪೆ ಗಂಜಿ ಅಂದ್ರೆ ಮುಖ ತಿರುಗಿಸ್ತಿದ್ರು." ಈಗ ಅವಳ ಕಣ್ಣು ತುಂಬಿತು, ಮುಖದಲ್ಲಿ ನಗುವೂ ಇತ್ತು. "ಎಂಜಲಂತೆ ಎಂಜಲು! ರಜೆಗೆ ಬಂದಾಗೆಲ್ಲ ನನ್ನ ಬಟ್ಲಿಂದ್ಲೇ ಕುಡೀತಿದ್ರು ಮಾರಾಯ್ತಿ. ನಾಳೆ ಬೆಳಿಗ್ಗೆನೇ ಆ ವಸಂತನ್ನ ಕಳ್ಸಿ ಅವ್ಳಿಗೆ ಹೇಳ್ಸು, ಪಾಪ."

ಎದ್ದು, ಸ್ಟೂಲು ಹಾಕಿಸಿಕೊಂಡು, ಕದಿರನ್ನು ಬಾಗಿಲ ಮೇಲೆ ತಾನೇ ಕಟ್ಟಿದಳು. ಇಳಿದವಳು ನನ್ನ ಹೆಗಲು ಹಿಡಿದುಕೊಂಡೇ ಹೇಳಿದಳು, "ಬರೋ ಹೊಸ್ತಿಗೆ ನಾನೂ ಬತ್ತೆ. ಬೇಗ ಹೋಗಿ ಬಸ್ಸಲ್ಲಿ ಗುಡ್ಡದ ಬದಿ ಕಿಟಕಿ ಹಿಡಿ."