ಹನ್ನೆರಡು ಹಾಳೆ ತಡವಾಗಿ ಬಂದ ಸಂಖ್ಯೆ

ಕಾಗದದ ಕಟ್ಟುಗಳ ಹಿಂದೆ ಅಡಗಿ ಹೆಂಡತಿಯ ಅಣ್ಣನ ಮೇಲೇ ಕಣ್ಣಿಟ್ಟಿದ್ದ ಪ್ರೆಸ್ಸಿನ ಮ್ಯಾನೇಜರ್ ಸೀನಿದ. ಮೇಲಿನ ಕಟ್ಟು ಜಾರಿ ಅವನ ತಲೆಯ ಮೇಲೆ ಕೂತಿತು.

"ಎದ್ದು ಬನ್ನಿ," ಎಂದರು ಭಾವ, ತಿರುಗಿಯೂ ನೋಡದೆ. "ಅಲ್ಲಿ ಧೂಳು ಜಾಸ್ತಿ. ನಿನ್ನೆ ನಿಂತಿದ್ದ ಜಾಗವೇ ಚೆನ್ನಾಗಿತ್ತು."

ಪತ್ತೇದಾರಿಕೆ ಅವನಿಗೆ ಒಗ್ಗಿದ ವಿದ್ಯೆಯಲ್ಲ. ಆದರೆ ಈ ಪ್ರೆಸ್ಸಿನಲ್ಲಿ ಅಚ್ಚಾದ ವಸ್ತುಪ್ರದರ್ಶನದ ಪಾಸುಗಳಲ್ಲಿ 48314829 ಎಂಬ ಒಂದೇ ನಂಬರಿನ ಹದಿಮೂರು ಪಾಸುಗಳು ಗೇಟಿನಲ್ಲಿ ಸಿಕ್ಕಿದ್ದವು. ಸಂಜೆಯೊಳಗೆ ಕಳ್ಳನನ್ನು ಹಿಡಿಯದಿದ್ದರೆ ನಾಳೆಯಿಂದ ನೀನೇ ಬರಬೇಡ ಎಂದು ಮಾಲೀಕರು ಹೇಳಿಯಾಗಿತ್ತು.

ಅನುಮಾನಕ್ಕೆ ಭಾವನಂಥ ಹೇಳಿಮಾಡಿಸಿದ ಮನುಷ್ಯ ಇನ್ನೊಬ್ಬನಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಇಪ್ಪತ್ತಾರು ವರ್ಷದಿಂದ ನಂಬರ್ ಒತ್ತುವ ಯಂತ್ರದ ಮುಂದೆ ಕೂತವರು. ಹಾಳೆ ತಳ್ಳುವುದು, ಎಂಟಂಕಿ ಬೀಳುವುದನ್ನು ನೋಡುವುದು, ಆಗಾಗ ಜೇಬಿನ ಪುಸ್ತಕದಲ್ಲಿ ಏನೋ ಗೀಚಿ ಒಬ್ಬರೇ ನಗುವುದು. ಮ್ಯಾನೇಜರಿಗೆ ಮಗಳು ಹುಟ್ಟಿದಾಗ ಮಗುವಿನ ತೂಕ ಕೇಳಿ, "ಮೂರರಿಂದ ಭಾಗವಾಗುತ್ತೆ, ಒಳ್ಳೇದು" ಅಂದವರು.

"ಭಾವ, ಆ ಪುಸ್ತಕ..."

"ಭಾವ ಎಲ್ಲ ಮನೇಲಿ. ಇಲ್ಲಿ ಮ್ಯಾನೇಜರ್ ಥರ ಕೇಳಿ."

"ಪುಸ್ತಕ ಕೊಡ್ರೀ."

"ಹಾಂ, ಹಾಗೆ."

ಮಂಗಳವಾರದ ಪುಟದಲ್ಲಿ ಕೆಂಪು ಗೆರೆ ಎಳೆದ 48314831. ಪಕ್ಕದಲ್ಲಿ 73, 137, 4831. ಮ್ಯಾನೇಜರಿಗೆ ಕಳ್ಳರ ಗುಂಪೇ ಕೈಗೆ ಸಿಕ್ಕಂತಾಯಿತು.

"ಏನಿದು ಗುಟ್ಟು?"

"ಗುಟ್ಟೇನಿಲ್ಲ. ಯಾವ ನಾಲ್ಕಂಕಿ ಆದ್ರೂ ಎರಡು ಸಲ ಬರೀರಿ, ಎಪ್ಪತ್ಮೂರರಿಂದಲೂ ನೂರ ಮೂವತ್ತೇಳರಿಂದಲೂ ಭಾಗ ಆಗೇ ಆಗುತ್ತೆ. ಅವೆರಡನ್ನ ಗುಣಿಸಿದ್ರೆ ಹತ್ತು ಸಾವಿರದ ಒಂದು, ಅದಕ್ಕೆ. ಉಳಿದಿದ್ದು 4831. ಅದು ಯಾವುದಕ್ಕೂ ಬಗ್ಗಲ್ಲ, ನನ್ನ ತಂಗಿ ಥರ."

ಕೊನೆಯ ಮಾತನ್ನು ಮಾತ್ರ ಮ್ಯಾನೇಜರ್ ತಕರಾರಿಲ್ಲದೆ ಒಪ್ಪಿದ. "ಮತ್ತೆ 'ಹನ್ನೆರಡು ಹಾಳೆ ತಡ' ಅಂತ ಬರೆದಿದೀರಲ್ಲ?"

"ಇಂಥ ನಂಬರ್ ಹತ್ತು ಸಾವಿರದ ಒಂದು ಹಾಳೆಗೆ ಒಂದು ಸಲ ಬರೋದು. ಕಾದು ಕೂತಿದ್ದೆ. ಆ ಕಟ್ಟಿನ ಮೂವತ್ತೊಂದನೇ ಹಾಳೇಲಿ ಬರಬೇಕಿತ್ತು, ಬಂದಿದ್ದು ನಲವತ್ಮೂರನೇದ್ರಲ್ಲಿ. ನಡುವೆ ಇಪ್ಪತ್ತೊಂಬತ್ತರಲ್ಲೇ ಅಂಕಿ ಚಕ್ರ ಅಂಟ್ಕೊಂಡು ಹದಿಮೂರು ಹಾಳೆಗೆ ಅದೇ ನಂಬರ್ ಬಿದ್ದಿತ್ತು. ಯಾರೋ ಯಂತ್ರದ ಮೇಲೆ ಚಹಾ ಚೆಲ್ಲಿದ್ರು. ನಾನು ಒರೆಸೋ ಬಟ್ಟೆ ತರೋಕೆ ಹೋದಾಗ ಹಾಳೆ ತಳ್ತಾ ಇದ್ದೋರು ನೀವು."

"ಅವತ್ತೇ ಹೇಳಬಾರದಿತ್ತಾ?"

"ಹೇಳಿದೆ. ನಿಮ್ಮ ಲೆಕ್ಕ ಆಮೇಲೆ ಅಂದ್ರಿ."

ಮಂಗಳವಾರ ಯಂತ್ರದ ಮೇಲೆ ತಾನೇ ಇಟ್ಟ ಲೋಟ ಮ್ಯಾನೇಜರಿನ ಕಣ್ಣ ಮುಂದೆ ಬಂತು. ಎರಡು ದಿನದಿಂದ ಹುಡುಕುತ್ತಿದ್ದ ಕಳ್ಳನ ಅಂಗಿ ಈಗ ತನ್ನ ಬೆನ್ನಿಗೇ ಅಂಟಿಕೊಳ್ಳತೊಡಗಿತ್ತು. ಮೆಟ್ಟಿಲ ಮೇಲೆ ಮಾಲೀಕರ ಚಪ್ಪಲಿ ಸದ್ದು.

"ಭಾವ," ಎಂದ, ದನಿ ಈಗ ಪೂರ್ತಿ ಮನೆಯದಾಗಿತ್ತು. "ಆ ಲೋಟ ಯಾರದ್ದು ಅಂತಾನೂ ಇದರಲ್ಲಿ ಬರೆದಿದೀರಾ?"

ಭಾವ ಪುಸ್ತಕವನ್ನು ಜೇಬಿಗಿಳಿಸಿದರು.

"ಇಲ್ಲ. ಲೋಟದ ಮೇಲೆ ನಂಬರ್ ಇರ್ಲಿಲ್ಲ."