ಹೂವಿಟ್ಟು ಹಾಕಿದ ಸಹಿ

ಆ ಕರಾರು ಪತ್ರವನ್ನು ಅಂದೇ ಓದಬಹುದಿತ್ತು. ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವಳು ನಾನೊಬ್ಬಳೇ. ಆದರೆ ನಾನು ಪಾಯಸ ಬಡಿಸುತ್ತಿದ್ದೆ.

ತೊಂಬತ್ತರ ದಶಕದ ಆರಂಭ. ಅಹಮದಾಬಾದಿನಲ್ಲಿ ನಾಲ್ಕಾರು ಹೋಟೆಲುಗಳಿದ್ದ ನಮ್ಮೂರ ಕಡೆಯ ಧಣಿಗಳು ಸೂರತ್ತಿಗೆ ಬಂದಿದ್ದರು. ಅಡಾಜಣ್ ಬಡಾವಣೆಯ ನಮ್ಮ ತಿಂಡಿ ಅಂಗಡಿಗೆ ಅವರ ಬೋರ್ಡು, ಅವರ ಸಾಂಬಾರು ಪುಡಿ, ದುಡಿಮೆ ನಮ್ಮದು. ಊಟಕ್ಕೆ ಕೂತ ಹಿರಿಯರ ಮುಂದೆ ಕಾಗದ ಬಿಡಿಸಿ ಓದಿದರೆ ಅವರನ್ನು ಕಳ್ಳ ಎಂದಂತೆ. ನನ್ನವರು ಅದನ್ನು ದೇವರ ಮುಂದಿಟ್ಟು, ಮೇಲೊಂದು ದಾಸವಾಳವಿಟ್ಟು, ಕೈಮುಗಿದು ಸಹಿ ಹಾಕಿದರು. ನಾನೂ ಹಿಗ್ಗಿದೆ. ನಮ್ಮವರು ಎಂದು ಹೇಳಿಕೊಳ್ಳಲು ಅಲ್ಲಿಯವರೆಗೆ ಸೂರತ್ತಿನಲ್ಲಿ ಯಾರೂ ಇರಲಿಲ್ಲ.

ಐದು ವರ್ಷದ ಅವಧಿ ಮುಗಿದ ವಾರವೇ ಬೋರ್ಡು ಇಳಿಯಿತು. ಧಣಿಗಳು ಅದನ್ನು ಬೇರೆಯವರಿಗೆ ಕೊಟ್ಟಿದ್ದರಂತೆ. ಹಿಂದೆಯೇ ಒಂದು ಪತ್ರ: ಕರಾರಿನ ಪ್ರಕಾರ ನೀವು ಇನ್ನು ಈ ಊರಿನಲ್ಲಿ ತಿಂಡಿ ಅಂಗಡಿ ಇಡುವಂತಿಲ್ಲ, ಏನೇ ಆದರೂ ಕೋರ್ಟಿಗೆ ಹೋಗುವಂತಿಲ್ಲ. ಆಗ ಓದಿದೆ, ಹತ್ತೂ ಹಾಳೆ. ನನ್ನ ಮೇಲೆ ನನಗೇ ಮೈಯುರಿಯಿತು. ಆ ಅಂಗಡಿ ಬಿಟ್ಟರೆ ನಮಗೆ ಬೇರೆ ಆಸರೆಯಿರಲಿಲ್ಲ.

ನಮ್ಮಲ್ಲಿ ದಿನಾ ಇಡ್ಲಿ ತಿನ್ನುತ್ತಿದ್ದ ಗುಜರಾತಿ ವಕೀಲರೊಬ್ಬರ ಬಳಿಗೆ ಇಬ್ಬರೂ ಹೋದೆವು. ಅವರು ಎರಡೂ ಷರತ್ತುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹಿಂದಿಯಲ್ಲಿ ವಿವರಿಸಿದರು. ಅವಧಿ ಮುಗಿದ ಮೇಲೂ ಒಬ್ಬನ ಕಸುಬಿಗೆ ಅಡ್ಡಬರುವ ಷರತ್ತು ಕಾನೂನಿನ ಮುಂದೆ ನಿಲ್ಲದು. ಕೋರ್ಟಿಗೆ ಹೋಗುವ ಹಕ್ಕನ್ನೇ ಬಿಟ್ಟೆ ಎಂದು ನೀವಾಗಿ ಬರೆದುಕೊಟ್ಟರೂ ಅದು ಹೋಗುವುದಿಲ್ಲ. ಧಣಿಗಳ ಹೆಸರನ್ನು ಮಾತ್ರ ಬಳಸಬೇಡಿ, ನಾಳೆಯೇ ಒಲೆ ಹಚ್ಚಿ ಎಂದರು.

ರಿಕ್ಷಾದಲ್ಲಿ ನನಗೆ ನಗು ತಡೆಯಲಾಗಲಿಲ್ಲ. ತಾಪಿಯ ಸೇತುವೆ ದಾಟುವಾಗ ನನ್ನವರು ಬಾಯಿಬಿಟ್ಟರು.

"ಕಾಗದ ಬಿದ್ದು ಹೋಗ್ತದೆ ಮಾರಾಯ್ತಿ. ಹೂ ಇಟ್ಟದ್ದು ನಾನಲ್ವಾ?"

"ದೇವರು ಆ ಹಾಳೆ ಓದಿದ್ದಾನಾ? ನಾನೇ ಓದ್ಲಿಲ್ಲ," ಎಂದೆ.

ಅವರು ನದಿಯ ಕಡೆ ತಿರುಗಿ, "ದೇವರ ಮುಂದೆ ಒಪ್ಪಿ ಆಗಿದೆ, ಇನ್ನು ಆ ಒಲೆ ನನಗೆ ಬೇಡ," ಎಂದರು.

ಅಂಗಡಿಯನ್ನು ನಾನೇ ತೆರೆದೆ, ಬೋರ್ಡಿಲ್ಲದೆ. ಧಣಿಗಳ ಕಡೆಯಿಂದ ಮತ್ತೆರಡು ಪತ್ರ ಬಂದವು. ವಕೀಲರ ಒಂದೇ ಉತ್ತರಕ್ಕೆ ತಣ್ಣಗಾದರು. ಹಳೆಯ ಗಿರಾಕಿಗಳೆಲ್ಲ ಬಂದರು, ನನ್ನವರು ಮಾತ್ರ ಬರಲಿಲ್ಲ. ಪಾಂಡೇಸರಾ ಬಡಾವಣೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಗೇಟು ಕಾಯುವ ಕೆಲಸ ಹಿಡಿದರು. ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಮನುಷ್ಯ! ಎಂಥ ಹಟ ಎಂದು ಮನಸ್ಸಿನಲ್ಲೇ ಬೈಯುತ್ತ ಅವರ ಜಾಗದಲ್ಲಿ ನಾನು ನಿಂತೆ. ಬೆಳಗಿನಿಂದ ಸಂಜೆಯವರೆಗೆ ಹಿಂದಿ, ಗುಜರಾತಿ. ಚಟ್ನಿಗೆ ಉಪ್ಪು ಸಾಕಾ ಎಂದು ಕನ್ನಡದಲ್ಲಿ ಕೇಳಲು ಒಬ್ಬರೂ ಇರಲಿಲ್ಲ. ಅಂಗಡಿ ತುಂಬಿದ ದಿನವೇ ನನಗೆ ಹೆಚ್ಚು ಒಂಟಿ ಅನ್ನಿಸುತ್ತಿತ್ತು.

ಸಂಜೆ ಅವರು ಎದುರಿನ ಬೇವಿನ ಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ನಾನು ಬಾಗಿಲೆಳೆದ ಮೇಲೆ ಚೀಲ ಇಸಿದುಕೊಂಡು ಜೊತೆಗೆ ನಡೆಯುತ್ತಿದ್ದರು. ಮೆಟ್ಟಿಲು ಮಾತ್ರ ಹತ್ತಲಿಲ್ಲ.

ಒಮ್ಮೆ ಒಂದು ಬಿಸಿ ದೋಸೆ ಕಟ್ಟಿಕೊಂಡು ರಸ್ತೆ ದಾಟಿ ಅವರ ಮುಂದೆ ಹಿಡಿದೆ. ಹಸಿದಿದ್ದರು, ಮುಖ ನೋಡಿದರೇ ತಿಳಿಯುತ್ತಿತ್ತು.

"ಇದು ಅಂಗಡಿದ್ದು," ಎಂದರು. "ಮನೆಯಲ್ಲಿ ಮಾಡಿ ಕೊಡು, ತಿಂತೇನೆ."

ಪೊಟ್ಟಣ ಬಿಚ್ಚಿ ಬೀದಿಯ ಹಸುವಿಗೆ ಹಾಕಿದೆ. ಮನೆಗೆ ಹೋಗಿ, ಅಂಗಡಿಯಿಂದ ತಂದಿದ್ದ ಅದೇ ಹಿಟ್ಟಿನಲ್ಲಿ ಇನ್ನೊಂದು ಹುಯ್ದೆ. ಅವರು ಚಟ್ನಿ ಹಾಕಿಸಿಕೊಂಡು ಇಷ್ಟಪಟ್ಟು ತಿನ್ನುತ್ತಿದ್ದರು; ನಾನು ಒಲೆಯ ಕಡೆ ಮುಖ ಮಾಡಿ ಅತ್ತೆ.